"ಕತ್ತರಿ ಇಲ್ಲದ ಫೇಸ್‌ಲಿಫ್ಟ್" ಅಂತ ಯಾರಾದರೂ ಕರೆದರೆ, ದುಡ್ಡು ಕಟ್ಟುವ ಮೊದಲು ಇದನ್ನು ಓದಿ

ಸಿಟ್ಟಿನಲ್ಲೇ ಬರೆಯುತ್ತಿದ್ದೇನೆ, ಹಿಂದುಮುಂದಾಗಿದ್ದರೆ ಸಹಿಸಿಕೊಳ್ಳಿ. ಕ್ಲಿನಿಕ್ಕಿನ ಹೆಸರು ಹಾಕುತ್ತಿಲ್ಲ, ಸದ್ಯಕ್ಕೆ ಬೇಡ ಅಂತ ವಕೀಲರು ಹೇಳಿದ್ದಾರೆ. ಬೆಂಗಳೂರಿನದು, ದಿನಾ ಒಂದೊಂದು ರೀಲ್ಸ್ ಹಾಕುವಂಥದ್ದು. ಅಷ್ಟು ಸಾಕು.

ನನಗೆ 53 ವಯಸ್ಸು. ದವಡೆಯ ಅಂಚಿನಲ್ಲಿ ಚರ್ಮ ಜೋತುಬಿದ್ದಿತ್ತು, ಮಗಳ ಮದುವೆ ಹತ್ತಿರ ಬರುತ್ತಿತ್ತು. "ಈ ವಯಸ್ಸಲ್ಲಿ ಇದೆಲ್ಲ ಬೇಕಿತ್ತಾ" ಅಂತ ಕೇಳಬೇಕು ಅನ್ನಿಸಿದವರು ಇಲ್ಲಿಂದಲೇ ಎದ್ದು ಹೋಗಬಹುದು, ನಮ್ಮ ಅತ್ತಿಗೆ ಅದನ್ನು ಕೇಳಿ ಮುಗಿಸಿದ್ದಾರೆ. ನನ್ನ ಮುಖ, ನನ್ನ ಸಂಬಳ.

ಜಾಹೀರಾತಿನಲ್ಲಿ ಇದ್ದದ್ದು ಇಷ್ಟು: ಲಂಚ್ ಟೈಮ್ ಫೇಸ್‌ಲಿಫ್ಟ್, ಕತ್ತರಿ ಇಲ್ಲ, ಹೊಲಿಗೆ ಇಲ್ಲ, ಮಾರನೇ ದಿನವೇ ಆಫೀಸಿಗೆ, 39,999 ರೂಪಾಯಿಯಿಂದ ಆರಂಭ. ಹೋದರೆ ಡಾಕ್ಟರ್ ಸಿಗಲಿಲ್ಲ, ಕೌನ್ಸೆಲರ್ ಅಂತ ಒಬ್ಬ ಹುಡುಗಿ ಸಿಕ್ಕಳು. ನನ್ನ ಮುಖ ನೋಡಿ ಟ್ಯಾಬ್‌ನಲ್ಲಿ ಲೆಕ್ಕ ಹಾಕಿ, "ಮೇಡಂ, ಆ ರೇಟಿಗೆ ಬರೋ ದಾರ ನಿಮಗೆ ಸಾಲಲ್ಲ. ಥ್ರೆಡ್ ಲಿಫ್ಟ್ ಜೊತೆ ಹೈಫು, ಪಿಆರ್‌ಪಿ ಸೇರಿಸಿದ್ರೆ ಪ್ಯಾಕೇಜ್ ಆಗುತ್ತೆ. ಇವತ್ತು ಬುಕ್ ಮಾಡಿದ್ರೆ ಮಾತ್ರ ಈ ಆಫರ್" ಅಂದಳು. ಥ್ರೆಡ್ ಲಿಫ್ಟ್ ಅಂದರೆ ಚರ್ಮದಡಿ ದಾರ ತೂರಿಸಿ ಎತ್ತುವುದು, ಹೈಫು ಅಂದರೆ ಅಲ್ಟ್ರಾಸೌಂಡ್ ಬಿಸಿ, ಪಿಆರ್‌ಪಿ ಅಂದರೆ ನಮ್ಮದೇ ರಕ್ತದಿಂದ ಬೇರ್ಪಡಿಸಿದ ಪ್ಲಾಸ್ಮಾ ಚುಚ್ಚುವುದು. ಎಲ್ಲ ಸೇರಿ 1,45,000 ರೂಪಾಯಿ. ಇಎಂಐ ಇದೆ ಅಂದಳು. ಆಮೇಲೆ ದನಿ ತಗ್ಗಿಸಿ, "ಕ್ಯಾಶ್ ಕೊಟ್ರೆ ಜಿಎಸ್‌ಟಿ ಉಳಿಯುತ್ತೆ ಮೇಡಂ" ಅಂತ. ಸೌಂದರ್ಯಕ್ಕೆ ಮಾಡಿಸುವ ಚಿಕಿತ್ಸೆಗೆ 18 ಪರ್ಸೆಂಟ್ ಜಿಎಸ್‌ಟಿ ಇದೆ, ಕಾಯಿಲೆಯ ಚಿಕಿತ್ಸೆಗೆ ಇರುವ ವಿನಾಯಿತಿ ಇದಕ್ಕಿಲ್ಲ. ಬ್ಯಾಂಕಿನಲ್ಲಿ ಕೆಲಸ ಮಾಡುವವಳು ನಾನು, ಬಿಲ್ ಇಲ್ಲದೆ ಒಂದು ರೂಪಾಯಿ ಕೊಡಲ್ಲ ಅಂದೆ. ಕಾರ್ಡಿನಲ್ಲೇ ಕಟ್ಟಿದೆ. ಬಿಲ್ ಬಂತು. ಅದರಲ್ಲಿ ಬರೆದಿದ್ದು "ಸ್ಕಿನ್ ರೆಜುವನೇಷನ್ ಪ್ಯಾಕೇಜ್" ಅಂತ ಮಾತ್ರ. ದಾರದ ಮಾತೇ ಇಲ್ಲ!

ದಾರ ಅಂದರೆ ಪಿಡಿಒ ದಾರ. ಆಪರೇಷನ್ನಿನಲ್ಲಿ ಒಳಹೊಲಿಗೆಗೆ ಬಳಸುವ, ತಾನಾಗಿ ಕರಗುವ ವಸ್ತುವಿನದ್ದೇ. ಸುಮಾರು ಆರು ತಿಂಗಳಿಗೆ ಕರಗಿಹೋಗುತ್ತದೆ. ಇದರಲ್ಲಿ ಮುಳ್ಳಿರುವ ದಾರ ಅಂತ ಒಂದು ಬರುತ್ತದೆ, ಅದು ಚರ್ಮದಡಿಯ ಕೊಬ್ಬನ್ನು ಕಚ್ಚಿ ಮೇಲಕ್ಕೆ ಎಳೆದು ಹಿಡಿಯುತ್ತದೆ. ನುಣುಪು ದಾರ ಅಂತ ಇನ್ನೊಂದು, ಅದು ಏನನ್ನೂ ಎಳೆಯುವುದಿಲ್ಲ, ಚರ್ಮ ಸ್ವಲ್ಪ ಬಿಗಿಯಾದ ಹಾಗೆ ಕಾಣಬಹುದು ಅಷ್ಟೇ. ಟ್ಯಾಬ್‌ನಲ್ಲಿ ತೋರಿಸಿದ ಚಿತ್ರದಲ್ಲಿ ಇದ್ದದ್ದು ಮುಳ್ಳಿನ ದಾರ. ಇದನ್ನು ನೆನಪಿಡಿ.

ಚಿಕಿತ್ಸೆಯ ದಿನ ಮುಖಕ್ಕೆಲ್ಲ ಮರಗಟ್ಟಿಸುವ ಕ್ರೀಮ್ ಬಳಿದು, ಮೇಲೆ ಪ್ಲಾಸ್ಟಿಕ್ ಹಾಳೆ ಅಂಟಿಸಿ ಕೂರಿಸಿದ ಮೇಲೆ ಒಪ್ಪಿಗೆ ಪತ್ರ ತಂದರು. ಇಂಗ್ಲಿಷಿನಲ್ಲಿ, ಸಣ್ಣ ಅಕ್ಷರದಲ್ಲಿ. ಕನ್ನಡಕ ಹಾಕಿಕೊಳ್ಳುವ ಹಾಗಿಲ್ಲ, ಮುಖದ ತುಂಬ ಕ್ರೀಮ್! "ಫಾರ್ಮಾಲಿಟಿ ಮೇಡಂ, ಇಲ್ಲಿ ಸೈನ್ ಮಾಡಿ" ಅಂತ ಬೆರಳಿಟ್ಟು ತೋರಿಸಿದರು. ನಕಲು ಕೇಳಿದರೆ ಮೇಲ್ ಮಾಡ್ತೀವಿ ಅಂದರು. ಇವತ್ತಿನವರೆಗೂ ಬಂದಿಲ್ಲ.

ಒಂದು ವಾರ ಊತ, ನೀಲಿಗಟ್ಟಿದ್ದು, ಅದೆಲ್ಲ ಇರುತ್ತದೆ ಅಂತ ಗೊತ್ತಿತ್ತು. ಆದರೆ ಎಡಗೆನ್ನೆಯಲ್ಲಿ ಚರ್ಮದ ಕೆಳಗೆ ದಾರದ ಗೆರೆ ಎದ್ದು ಕಾಣುತ್ತಿತ್ತು. ನಕ್ಕರೆ ಇನ್ನೂ ಚೆನ್ನಾಗಿ ಕಾಣುತ್ತಿತ್ತು. ಕಿವಿಯ ಹತ್ತಿರ ಕೆಂಪಗಾಗಿ ಒಂದು ಚುಕ್ಕೆ, ಮುಟ್ಟಿದರೆ ಚುಚ್ಚಿದ ಹಾಗೆ. ದವಡೆ? ಇದ್ದ ಹಾಗೇ ಇತ್ತು. ಆಫೀಸಿಗೆ ಮಾಸ್ಕ್ ಹಾಕಿಕೊಂಡು ಹೋಗುತ್ತಿದ್ದೆ. ಕೌಂಟರಿಗೆ ಬಂದವರೆಲ್ಲ "ಏನ್ ಮೇಡಂ, ಮತ್ತೆ ಕೊರೋನಾನಾ" ಅಂತ ಕೇಳುವವರೇ. ನೆಗಡಿ ಅಂತ ಸುಳ್ಳು ಹೇಳಿ ಹೇಳಿ ಸಾಕಾಯಿತು.

ಈಗ ಇವರ ಉತ್ತರಗಳನ್ನು ನೋಡಿ. ವಾಟ್ಸಾಪ್‌ನಲ್ಲಿ ಎಲ್ಲ ಹಾಗೇ ಇದೆ.

ಮೊದಲು: "ಡಿಯರ್ ಪೇಷಂಟ್, ಇಟ್ ವಿಲ್ ಸೆಟ್ಲ್."

ಫೋಟೋ ಕಳಿಸಿದೆ. "ನಿಮ್ಮ ಸ್ಕಿನ್ ತುಂಬಾ ತೆಳು, ಅದಕ್ಕೆ ಹಾಗೆ ಕಾಣ್ತಿದೆ."

ದವಡೆ ಯಾಕೆ ಏರಲಿಲ್ಲ ಅಂತ ಕೇಳಿದೆ. "ನಿಮ್ಮ ಸ್ಕಿನ್ ದಪ್ಪ ಇದೆ, ಅದಕ್ಕೆ ಇನ್ನೊಂದು ಸಿಟ್ಟಿಂಗ್ ಬೇಕು."

ಒಂದೇ ಮುಖ ಸ್ವಾಮಿ! ಮೊನ್ನೆ ತೆಳು, ಇವತ್ತು ದಪ್ಪ. ಯಾವ ದಾರ ಹಾಕಿದಿರಿ, ಪ್ಯಾಕೆಟ್ಟಿನ ಸ್ಟಿಕರ್ ಕೊಡಿ ಅಂದೆ. "ಇಂಪೋರ್ಟೆಡ್, ಕೊರಿಯನ್" ಅಂದರು. ಬ್ಯಾಚ್ ನಂಬರ್ ಕೇಳಿದೆ. ನೀಲಿ ಟಿಕ್ ಬಂತು, ಉತ್ತರ ಬರಲಿಲ್ಲ.

ನೇರವಾಗಿ ಹೋದೆ. ದುಡ್ಡು ಕಟ್ಟುವವರೆಗೆ ಕೌನ್ಸೆಲರ್ ಹುಡುಗಿಗೆ ಮೇಡಂ ಆಗಿದ್ದವಳು ನಾನು, ಈಗ ಆಂಟಿ. "ಆಂಟಿ, ನೀವು ಸುಮ್ನೆ ಟೆನ್ಷನ್ ಮಾಡ್ಕೋತಿದೀರ, ನೋಡಿ ಎಷ್ಟು ಚೇಂಜ್ ಇದೆ" ಅಂತ ಟ್ಯಾಬ್ ತೆಗೆದು ನನ್ನದೇ ಎರಡು ಫೋಟೋ ಪಕ್ಕಪಕ್ಕ ಇಟ್ಟಳು. ಮೊದಲನೆಯದರಲ್ಲಿ ತಲೆಯ ಮೇಲಿನ ಟ್ಯೂಬ್‌ಲೈಟ್ ಮಾತ್ರ, ಗಲ್ಲ ಕೆಳಗೆ, ಮುಖ ಗಂಟು. ಎರಡನೆಯದರಲ್ಲಿ ಎದುರಿಗೆ ರಿಂಗ್ ಲೈಟ್, ಗಲ್ಲ ಮೇಲೆತ್ತಿಸಿ, ನಗಿಸಿ ತೆಗೆದದ್ದು. ಗಲ್ಲ ಮೇಲೆತ್ತಿದರೆ ಯಾರ ದವಡೆಯಾದರೂ ಏರುತ್ತದಲ್ಲ! ರೀಲ್ಸ್‌ನಲ್ಲಿ ನಾನು ನೋಡಿ ಮರುಳಾದ ಅಷ್ಟೂ ಹೆಂಗಸರ ಫೋಟೋಗಳೂ ಹೀಗೇ ಇದ್ದವು ಅಂತ ಆ ಕುರ್ಚಿಯಲ್ಲಿ ಕೂತಾಗ ಹೊಳೆಯಿತು. ಮೈ ಉರಿದುಹೋಯಿತು. ಹೊರಗೆ ಇನ್ನಿಬ್ಬರು ಕೂತಿದ್ದರು, ಅವರ ಮುಂದೆ ಮಾಸ್ಕ್ ತೆಗೆದು ತೋರಿಸಿಬಿಡಬೇಕು ಅನ್ನಿಸಿತು. ನಾಚಿಕೆಯಾಗಿ ಸುಮ್ಮನೆ ಬಂದೆ.

ಬಂದವಳು ಎಂಸಿಎಚ್ (ಶಸ್ತ್ರಚಿಕಿತ್ಸೆಯ ಉನ್ನತ ಡಿಗ್ರಿ) ಮಾಡಿದ ಪ್ಲಾಸ್ಟಿಕ್ ಸರ್ಜನ್ ಒಬ್ಬರನ್ನು ಕಂಡೆ. ಕಿವಿಯ ಹತ್ತಿರದ ಚುಕ್ಕೆಯಿಂದ ದಾರದ ತುದಿ ಹೊರಗೆ ಬರುತ್ತಿತ್ತು. ಚಿಮಟದಲ್ಲಿ ಹಿಡಿದು ಎಳೆದರು, ಬಂತು. ಬಿಳಿ ಬಟ್ಟೆಯ ಮೇಲಿಟ್ಟು ದೀಪ ಹತ್ತಿರ ತಂದು ತೋರಿಸಿದರು. "ನೋಡಿಮ್ಮ, ಇದರಲ್ಲಿ ಮುಳ್ಳೇ ಇಲ್ಲ. ಇದು ಎಳೆಯೋ ದಾರ ಅಲ್ಲ." ಬೆರಳಲ್ಲಿ ಸವರಿ ನೋಡಿದೆ, ನುಣುಪು. ಲಿಫ್ಟ್ ಅಂತ ದುಡ್ಡು ತೆಗೆದುಕೊಂಡು ಲಿಫ್ಟ್ ಮಾಡದ ದಾರ ಹಾಕಿದ್ದಾರೆ. ಚುಕ್ಕೆಯಲ್ಲಿ ಸೋಂಕಾಗಿದೆ ಅಂತ ಮಾತ್ರೆ ಬರೆದುಕೊಟ್ಟರು.

ಅವರು ಹೇಳಿದ್ದು ಕೇಳಿ ಇನ್ನೂ ಸಂಕಟವಾಯಿತು. ನನ್ನಷ್ಟು ಚರ್ಮ ಜೋತುಬಿದ್ದಿದ್ದರೆ ಒಳ್ಳೆಯ ಮುಳ್ಳಿನ ದಾರ ಹಾಕಿದರೂ ಹೆಚ್ಚೇನೂ ಆಗುತ್ತಿರಲಿಲ್ಲವಂತೆ, ಹೆಚ್ಚಾದ ಚರ್ಮವನ್ನು ದಾರ ತೆಗೆಯುವುದಿಲ್ಲವಲ್ಲ. ಸಣ್ಣ ಗಾಯದ ಫೇಸ್‌ಲಿಫ್ಟ್ ಅಂತ ನಿಜವಾದ ಶಸ್ತ್ರಚಿಕಿತ್ಸೆ ಇದೆ. ಕಿವಿಯ ಮುಂದೆ ಕೂದಲಂಚಿನವರೆಗೆ ಕೊಯ್ದು, ಚರ್ಮದ ಕೆಳಗಿನ ಪದರವನ್ನು ಎತ್ತಿ ಹೊಲಿದು, ಹೆಚ್ಚಾದ ಚರ್ಮ ತೆಗೆಯುತ್ತಾರೆ. ಅದಕ್ಕೆ ಆಪರೇಷನ್ ಥಿಯೇಟರ್ ಬೇಕು, ಊತ ಇಳಿಯಲು ವಾರಗಳು ಬೇಕು. ಲಂಚ್ ಟೈಮಲ್ಲಿ ಆಗುವಂಥದ್ದಲ್ಲ. ಪ್ಯಾಕೇಜಿನಲ್ಲಿ ಉಳಿದಿದ್ದ ಹೈಫು ಬಗ್ಗೆಯೂ ಕೇಳಿದೆ. ಅಲ್ಟ್ರಾಸೌಂಡನ್ನು ಒಂದು ಕಡೆ ಕೇಂದ್ರೀಕರಿಸಿ ಒಳಗೆ ಬಿಸಿ ಮಾಡುವುದು ಅದು. ಹೊಸದಾಗಿ ದಾರ ಹಾಕಿದ ಮುಖಕ್ಕೆ, ಅದೂ ಸೋಂಕಿರುವಾಗ, ಆ ಬಿಸಿ ಯಾಕಮ್ಮ ಅಂದರು. ಕ್ಲಿನಿಕ್ಕಿನಿಂದ ಮಾತ್ರ ದಿನಾ ಫೋನ್, ಹೈಫು ಸ್ಲಾಟ್ ಯಾವಾಗ ಬುಕ್ ಮಾಡೋಣ ಅಂತ.

ಮನೆಗೆ ಬಂದು ದಾರ ಹಾಕಿದವರ ಹೆಸರನ್ನು ಕರ್ನಾಟಕ ಮೆಡಿಕಲ್ ಕೌನ್ಸಿಲ್ ಪಟ್ಟಿಯಲ್ಲಿ ಹುಡುಕಿದೆ. ಇರಲಿಲ್ಲ. ಇರುವುದಾದರೂ ಹೇಗೆ? ಅವರು ಓದಿದ್ದು ಬಿಡಿಎಸ್, ಹಲ್ಲಿನ ಡಾಕ್ಟರ್. ಬೋರ್ಡಿನಲ್ಲಿ ಮಾತ್ರ ಕಾಸ್ಮೆಟಾಲಜಿಸ್ಟ್, ಫೇಷಿಯಲ್ ಏಸ್ತೆಟಿಕ್ಸ್ ಫೆಲೋಶಿಪ್. ಫೋನ್ ಮಾಡಿ ಕೇಳಿದ್ದಕ್ಕೆ ಮ್ಯಾನೇಜರ್ ಅಂದದ್ದು: "ಹಲ್ಲೂ ಮುಖದಲ್ಲೇ ಇರೋದಲ್ವಾ ಮೇಡಂ?"

ಇದಕ್ಕೆ ಏನು ಹೇಳ್ತೀರಿ?

2022ರ ಮೇ ತಿಂಗಳಲ್ಲಿ ಇದೇ ಬೆಂಗಳೂರಿನಲ್ಲಿ ಕೊಬ್ಬು ತೆಗೆಸಲು ಹೋದ ಕಿರುತೆರೆ ನಟಿಯೊಬ್ಬರು, 21ರ ಹುಡುಗಿ, ತೀರಿಕೊಂಡಳು. ಆಗ ಟಿವಿಯಲ್ಲಿ ನೋಡಿ ಅಯ್ಯೋ ಪಾಪ ಅಂದಿದ್ದೆ. ನನಗೆ ಹೋಗಿದ್ದು ದುಡ್ಡು ಮಾತ್ರ ಅಂತ ಮನೆಯವರು ಸಮಾಧಾನ ಹೇಳುತ್ತಾರೆ. ಸಮಾಧಾನ ಆಗುತ್ತಿಲ್ಲ.

ಹೋಗುವವರು ಹೋಗಿ, ಬೇಡ ಅನ್ನಲ್ಲ. ಆದರೆ ಕೌನ್ಸೆಲರ್ ಹತ್ತಿರ ಮಾತಾಡಬೇಡಿ, ಮುಖಕ್ಕೆ ಕೈ ಹಾಕುವವರ ಹತ್ತಿರವೇ ಮಾತಾಡಿ, ಅವರ ಡಿಗ್ರಿ ಕೇಳಿ. ಎಂಸಿಎಚ್ ಅಥವಾ ಅದಕ್ಕೆ ಸಮನಾದ ಡಿಎನ್‌ಬಿ ಪ್ಲಾಸ್ಟಿಕ್ ಸರ್ಜರಿ ಇದೆಯಾ, ಚರ್ಮರೋಗದಲ್ಲಿ ಎಂಡಿ ಇದೆಯಾ ನೋಡಿ. ಕೆಪಿಎಂಇ (ಖಾಸಗಿ ಆಸ್ಪತ್ರೆ, ಕ್ಲಿನಿಕ್ಕುಗಳ ರಾಜ್ಯ ಕಾಯ್ದೆ) ನೋಂದಣಿ ಪತ್ರ ಗೋಡೆಯ ಮೇಲೆ ಇದೆಯಾ ನೋಡಿ. ದಾರದ ಪ್ಯಾಕೆಟ್ ನಿಮ್ಮ ಕಣ್ಣೆದುರೇ ಒಡೆಯಲಿ, ಸ್ಟಿಕರ್ ಕೈಗೆ ಬರಲಿ. ಫೋಟೋ ನಿಮ್ಮ ಮೊಬೈಲಿನಲ್ಲೇ ತೆಗೆಯಿರಿ, ಒಂದೇ ಜಾಗ, ಒಂದೇ ಬೆಳಕು. "ಇವತ್ತು ಮಾತ್ರ" ಅಂದ ಕೂಡಲೇ ಎದ್ದು ಬನ್ನಿ.

ಮೋಸ ಹೋದವರಿಗೆ: ದುಡ್ಡು ಕೊಟ್ಟು ಮಾಡಿಸಿದ ಚಿಕಿತ್ಸೆ ಗ್ರಾಹಕ ಕಾನೂನಿನ ಒಳಗೇ ಬರುತ್ತದೆ, ಸುಪ್ರೀಂ ಕೋರ್ಟ್ 1995ರಲ್ಲೇ ಹೇಳಿದೆ. ಕಟ್ಟಿದ ಮೊತ್ತ ಐದು ಲಕ್ಷದೊಳಗಿದ್ದರೆ ಜಿಲ್ಲಾ ಗ್ರಾಹಕ ಆಯೋಗದಲ್ಲಿ ಶುಲ್ಕವೂ ಇಲ್ಲ. ಸಹಾಯವಾಣಿ 1915. ನಾನು ನೋಟಿಸ್ ಕಳಿಸಿದ್ದೇನೆ. ಎಳೆದು ತೆಗೆದ ದಾರ ಒಂದು ಡಬ್ಬಿಯಲ್ಲಿದೆ, ಬಿಲ್ ಇದೆ, ಸರ್ಜನ್ ಬರೆದುಕೊಟ್ಟ ಚೀಟಿ ಇದೆ.

ನೋಟಿಸ್ ತಲುಪಿದ ಸಂಜೆ ಮ್ಯಾನೇಜರ್ ಮೆಸೇಜ್ ಬಂತು: "ಮೇಡಂ, ಗೂಗಲ್ ರಿವ್ಯೂ ಡಿಲೀಟ್ ಮಾಡಿ, ನಿಮಗೆ ಒಂದು ಹೈಫು ಸೆಷನ್ ಫ್ರೀ ಮಾಡಿಕೊಡ್ತೀವಿ." ಮತ್ತೆ ಮೇಡಂ ಆಗಿದ್ದೇನೆ. ಸ್ಕ್ರೀನ್‌ಶಾಟ್ ವಕೀಲರಿಗೆ ಹೋಗಿದೆ.