ಸಬ್‌ವರ್ಷನ್‌ನ ಎಫ್‌ಎಸ್‌ಎಫ್‌ಎಸ್ 7: ಮೂರು ಬಗೆಯ ಡಿಸ್ಕ್‌ಗಳ ಮೇಲೆ ಬಳಸಿ ನೋಡಿದ ಮೇಲೆ

ಸಬ್‌ವರ್ಷನ್ ಎಂದರೆ ಕಡತಗಳಿಗೆ ಆದ ಬದಲಾವಣೆಗಳ ಇತಿಹಾಸವನ್ನು ಕಾಪಾಡುವ ತಂತ್ರಾಂಶ; ಆ ಇತಿಹಾಸದ ಭಂಡಾರ ರೆಪಾಸಿಟರಿ, ಅದನ್ನು ಡಿಸ್ಕಿನಲ್ಲಿ ಇಡುವ ವಿಧಾನ ಎಫ್‌ಎಸ್‌ಎಫ್‌ಎಸ್. ಸಬ್‌ವರ್ಷನ್ 1.9ರೊಂದಿಗೆ 2015ರಲ್ಲಿ ಬಂದ ಎಫ್‌ಎಸ್‌ಎಫ್‌ಎಸ್‌ನ 7ನೇ ಸ್ವರೂಪವನ್ನು ತಿರುಗುವ ಹಾರ್ಡ್ ಡಿಸ್ಕ್, ಚಲಿಸುವ ಭಾಗಗಳಿಲ್ಲದ ಸಾಟಾ ಎಸ್‌ಎಸ್‌ಡಿ, ಅದಕ್ಕಿಂತ ವೇಗದ ಎನ್‌ವಿಎಂಇ ಎಸ್‌ಎಸ್‌ಡಿ ಮೂರರ ಮೇಲೂ ವರ್ಷಗಟ್ಟಲೆ ಓಡಿಸಿದ್ದೇನೆ. ರೆಪಾಸಿಟರಿ ಹಾರ್ಡ್ ಡಿಸ್ಕ್ ಮೇಲಿದ್ದರೆ ಈ ಸ್ವರೂಪಕ್ಕೆ ಬರಲೇಬೇಕು. ಎನ್‌ವಿಎಂಇ ಇದ್ದರೆ, ವೇಗದ ಆಸೆಗೆ ಅವಸರಪಡಬೇಕಿಲ್ಲ.

ಎಫ್‌ಎಸ್‌ಎಫ್‌ಎಸ್‌ನಲ್ಲಿ ಮೂಲತಃ ಒಂದು ರಿವಿಷನ್‌ಗೆ (ದಾಖಲಾದ ಒಂದು ಬದಲಾವಣೆಗೆ) ಒಂದು ಕಡತ. 1.5ರಲ್ಲಿ ಸಾವಿರ ಕಡತಗಳಿಗೊಂದು ಫೋಲ್ಡರ್ ಎಂಬ ವ್ಯವಸ್ಥೆ ಬಂತು. ಆ ಸಾವಿರವನ್ನೂ ಒಂದೇ ಕಡತವಾಗಿಸುವ ಪ್ಯಾಕ್ ಆದೇಶ 1.6ರಲ್ಲಿ ಸೇರಿತು. ಐವತ್ತು ಸಾವಿರ ರಿವಿಷನ್‌ಗಳು ಐವತ್ತು ಪ್ಯಾಕ್ ಕಡತಗಳಿಗೆ ಇಳಿಯುತ್ತವೆ. ಕಡತ ತೆರೆದಾಗಲೆಲ್ಲ ಸರ್ವರ್‌ಗೆ ಹೋಗಿ ಬರಬೇಕಾದ ಎನ್‌ಎಫ್‌ಎಸ್‌ನಲ್ಲಿ (ನೆಟ್‌ವರ್ಕ್ ಮೂಲಕ ಕಡತ ಹಂಚುವ ವ್ಯವಸ್ಥೆಯಲ್ಲಿ) ಇದೊಂದೇ ದೊಡ್ಡ ನೆಮ್ಮದಿ. ಆದರೆ ಹಳೆಯ ಪ್ಯಾಕ್ ರಿವಿಷನ್‌ಗಳನ್ನು ಸಾಲಾಗಿ ಜೋಡಿಸುತ್ತಿತ್ತು, ಅಷ್ಟೆ. 7ನೇ ಸ್ವರೂಪ ಒಳಗಿನ ಕ್ರಮವನ್ನೇ ಬದಲಿಸಿ, ಒಟ್ಟಿಗೆ ಓದಬೇಕಾದವನ್ನು ಅಕ್ಕಪಕ್ಕದಲ್ಲಿ ಇಡುತ್ತದೆ.

ಇದರ ಮಹತ್ವ ತಿಳಿಯುವುದು ತಿರುಗುವ ಡಿಸ್ಕಿನಲ್ಲಿ. 7200 ಆರ್‌ಪಿಎಂ ಡಿಸ್ಕ್ ಅರ್ಧ ಸುತ್ತು ತಿರುಗಲು 4 ಮಿಲಿಸೆಕೆಂಡಿಗೂ ಹೆಚ್ಚು ಬೇಕು; ಹೆಡ್ ಸರಿಯುವ ಸಮಯ ಸೇರಿದರೆ ಸೆಕೆಂಡಿಗೆ ನೂರು ಚದುರಿದ ಓದುಗಳೂ ಕಷ್ಟ. ಹಳೆಯ ಕಡತವೊಂದರ ಯಾವ ಸಾಲನ್ನು ಯಾರು ಬದಲಿಸಿದರೆಂದು ಇತಿಹಾಸ ಕೆದಕುವ ಬ್ಲೇಮ್ ಆದೇಶ ಹತ್ತಾರು ಡೆಲ್ಟಾಗಳನ್ನು (ಆವೃತ್ತಿಗಳ ನಡುವಿನ ವ್ಯತ್ಯಾಸಗಳನ್ನು) ಹುಡುಕಿ ಅಲೆಯುತ್ತದೆ. ಪ್ಯಾಕ್ ಮಾಡಿದ 7ನೇ ಸ್ವರೂಪದಲ್ಲಿ ಆ ಅಲೆದಾಟ ಕಣ್ಣಿಗೆ ಕಾಣುವಷ್ಟು ಕಡಿಮೆಯಾಯಿತು. ಸಾಟಾ ಎಸ್‌ಎಸ್‌ಡಿಯಲ್ಲಿ ಲಾಭ ಇದೆ, ಸಾಧಾರಣ. ಎನ್‌ವಿಎಂಇಯಲ್ಲಿ ಡಿಸ್ಕಿಗಾಗಿ ಕಾಯಬೇಕಾಗುವುದೇ ಇಲ್ಲ, ದತ್ತಾಂಶದ ಸಂಕೋಚನ (ಕಂಪ್ರೆಷನ್) ಬಿಡಿಸುವ ಪ್ರೊಸೆಸರ್‌ಗಾಗಿ ಕಾಯಬೇಕಾಗುತ್ತದೆ. ಅಲ್ಲಿ 1.10ರ 8ನೇ ಸ್ವರೂಪ ತಂದ ಎಲ್‌ಝಡ್4 ಎಂಬ ವೇಗದ ಸಂಕೋಚನವೇ ಹೆಚ್ಚು ಉಪಕಾರಿ.

ಅಳೆಯುವವರಿಗೆ ಒಂದು ಮಾತನ್ನು ಒತ್ತಿ ಹೇಳಬೇಕು. ಒಂದೇ ಆದೇಶವನ್ನು ಎರಡನೆಯ ಸಲ ಓಡಿಸಿದಾಗ ಬರುವ ಸಂಖ್ಯೆ ಡಿಸ್ಕಿನದ್ದಲ್ಲ, ಮೆಮೊರಿಯದ್ದು. ಪ್ರತಿ ಓಟಕ್ಕೂ ಮುನ್ನ ಲಿನಕ್ಸ್‌ನ ಪೇಜ್ ಕ್ಯಾಶ್ (ಓದಿದ ಕಡತಗಳನ್ನು ಮೆಮೊರಿಯಲ್ಲಿ ಇಟ್ಟುಕೊಳ್ಳುವ ಜಾಗ) ಖಾಲಿ ಮಾಡಬೇಕು. ಸಬ್‌ವರ್ಷನ್ ತನ್ನದೇ ಕ್ಯಾಶ್ ಇಟ್ಟುಕೊಳ್ಳುವುದರಿಂದ ಸರ್ವರ್ ಪ್ರಕ್ರಿಯೆಯನ್ನೂ ನಿಲ್ಲಿಸಿ ಮತ್ತೆ ಆರಂಭಿಸಬೇಕು. ಬಿಸಿ (ಆಗಲೇ ತುಂಬಿಕೊಂಡ) ಕ್ಯಾಶ್‌ನ ಅಂಕಿಗಳನ್ನಷ್ಟೇ ತೋರಿಸುವ ಹೋಲಿಕೆಯಲ್ಲಿ ಮೂರು ಡಿಸ್ಕ್‌ಗಳೂ ಒಂದೇ ಎನ್ನಿಸುತ್ತವೆ. ರಾತ್ರಿಯ ಬ್ಯಾಕಪ್ ಕ್ಯಾಶ್‌ನಲ್ಲಿದ್ದುದನ್ನು ಹೊರದಬ್ಬಿದ ಮೇಲೆ ಬೆಳಿಗ್ಗೆ ಮೊದಲ ಚೆಕ್‌ಔಟ್ (ರೆಪಾಸಿಟರಿಯಿಂದ ಕಡತಗಳನ್ನು ಇಳಿಸಿಕೊಳ್ಳುವುದು) ಮಾಡುವವರ ಅನುಭವ ಹಾಗಿರುವುದಿಲ್ಲ, ಮತ್ತು ನನಗೆ ಮುಖ್ಯವಾದದ್ದು ಅವರ ಅನುಭವವೇ.

ಬೇಸರದ ಸಂಗತಿಗಳೂ ಇವೆ. ಅಪ್‌ಗ್ರೇಡ್ ಆದೇಶ ಕೊಟ್ಟ ಮಾತ್ರಕ್ಕೆ ಹಳೆಯ ರೆಪಾಸಿಟರಿಗೆ ಹೊಸ ಜೋಡಣೆಯ ಲಾಭ ಪೂರ್ತಿ ಸಿಗುವುದಿಲ್ಲ. ಇಡೀ ಇತಿಹಾಸವನ್ನು ಹೊರತೆಗೆದು (ಡಂಪ್) ಹೊಸ ರೆಪಾಸಿಟರಿಗೆ ತುಂಬಲೇಬೇಕು (ಲೋಡ್), ದೊಡ್ಡ ರೆಪಾಸಿಟರಿಗೆ ಇದು ದೀರ್ಘ ಕೆಲಸ. ಸಾವಿರ ತುಂಬದ ಕೊನೆಯ ಗುಂಪು ಪ್ಯಾಕ್ ಆಗುವುದಿಲ್ಲ. ಪ್ಯಾಕ್ ಮಾಡಿದ್ದನ್ನು ಬಿಡಿಸಲು ನೇರ ಆದೇಶವೂ ಇಲ್ಲ.

ಖಾಲಿ ರೆಪಾಸಿಟರಿಗೆ ಲೋಡ್ ಮಾಡಿದಾಗ ಯುಯುಐಡಿ (ರೆಪಾಸಿಟರಿಯ ವಿಶಿಷ್ಟ ಗುರುತು) ಹಾಗೆಯೇ ಬರುವುದರಿಂದ ಎಲ್ಲರ ವರ್ಕಿಂಗ್ ಕಾಪಿಗಳು (ತಮ್ಮ ಗಣಕದಲ್ಲಿರುವ ಪ್ರತಿಗಳು) ಮೊದಲಿನಂತೆ ನಡೆಯುತ್ತವೆ. ತಾನಾಗಿ ಓಡುವ ಹುಕ್ ಸ್ಕ್ರಿಪ್ಟ್‌ಗಳು, ಸಂರಚನಾ ಕಡತಗಳು ಮತ್ತು ಲಾಕ್‌ಗಳು (ಬೇರೆಯವರು ಬದಲಿಸದಂತೆ ಕಡತಕ್ಕೆ ಹಾಕಿದ ತಡೆಗಳು) ಮಾತ್ರ ಡಂಪ್‌ನಲ್ಲಿ ಇರುವುದಿಲ್ಲ. ಹುಕ್, ಸಂರಚನೆಗಳನ್ನು ಕೈಯಾರೆ ನಕಲಿಸಿ, ಲಾಕ್ ಹಾಕಿಕೊಂಡವರಿಗೆ ಮೊದಲೇ ತಿಳಿಸಿಬಿಡಿ.