ಯುಡಿಐಡಿ ಕಾರ್ಡ್ ಸೇವೆ: ಅರ್ಜಿ ಸಲೀಸು, ಆಸ್ಪತ್ರೆಯಲ್ಲಿ ಕಷ್ಟ

ಮಗನಿಗೆ ಏಳು ವರ್ಷ, ಆಟಿಸಂ ಇದೆ. ಯುಡಿಐಡಿ ಕಾರ್ಡಿನ (ಅಂಗವಿಕಲರಿಗೆ ಸರ್ಕಾರ ಕೊಡುವ ಗುರುತಿನ ಚೀಟಿ) ಅರ್ಜಿ ಮೊಬೈಲಲ್ಲೇ ಮುಗಿಯಿತು. ಕಷ್ಟ ಶುರುವಾದದ್ದು ಅಂಗವೈಕಲ್ಯದ ಪರೀಕ್ಷೆಗೆ ಹೋದ ಆಸ್ಪತ್ರೆಯಲ್ಲಿ. ಕೌಂಟರಿನವರು ಅವನ ಕೈಕಾಲು ನೋಡಿ, "ಚೆನ್ನಾಗೇ ಇದಾನಲ್ಲಮ್ಮ, ಇವನಿಗ್ಯಾಕೆ ಸರ್ಟಿಫಿಕೇಟು?" ಅಂದರು. ಅವನು ಎರಡೂ ಕಿವಿ ಮುಚ್ಚಿಕೊಂಡು ತಿರುಗುವ ಫ್ಯಾನನ್ನೇ ನೋಡುತ್ತಿದ್ದ. ತುಂಬಾ ನೋವಾಯಿತು.

1995ರ ಅಂಗವಿಕಲರ ಕಾಯ್ದೆಯಲ್ಲಿ ಆಟಿಸಂ ಇರಲಿಲ್ಲ, ನಿಜ. ಆದರೆ 2016ರ ಕಾಯ್ದೆಯ 21 ಅಂಗವೈಕಲ್ಯಗಳಲ್ಲಿ ಅದೂ ಇದೆ. ಬುದ್ಧಿಮಾಂದ್ಯತೆ, ಕಲಿಕೆಯ ತೊಂದರೆಯೂ ಇವೆ. ಕೌಂಟರಿನಲ್ಲಿ ಕೂರುವವರಿಗೆ ಇಷ್ಟಾದರೂ ಗೊತ್ತಿರಬೇಕು, ಅಲ್ವಾ?

ಮೂರನೇ ಸಲ ಹೋದಾಗ ಸಿಕ್ಕ ಸೈಕಾಲಜಿಸ್ಟ್ ಮೇಡಂ ಮಾತ್ರ ಬಂಗಾರ. ನೆಲದ ಮೇಲೆ ಕೂತು, ಅವನ ಜೊತೆ ಬ್ಲಾಕ್ ಜೋಡಿಸುತ್ತಾ ಮುಕ್ಕಾಲು ಗಂಟೆ ಕಳೆದರು. ಅಂಗವೈಕಲ್ಯ ಶೇಕಡಾ 60 ಅಂತ ಬರೆದರು. ಮೀಸಲಾತಿಯಂಥ ಸೌಲಭ್ಯಗಳಿಗೆ 40 ಇದ್ದರೆ ಸಾಕು. ಹಳೇ ರಿಪೋರ್ಟುಗಳನ್ನೆಲ್ಲ ತಪ್ಪದೆ ಒಯ್ಯಿರಿ.