ಟವರ್, ಸೆಪ್ರಟ್ರಾನ್, ಪಕ್ಕದ ಎಂಜಿನ್: ಕರ್ಬಲ್‌ನಲ್ಲಿ ಜೀವ ಉಳಿಸೋದು ಯಾವುದು?

ಕರ್ಬಲ್ ಸ್ಪೇಸ್ ಪ್ರೋಗ್ರಾಂ ಅನ್ನೋದು ರಾಕೆಟ್ ಕಟ್ಟಿ ಹಾರಿಸುವ ಕಂಪ್ಯೂಟರ್ ಆಟ. ಅಪಾಯ ಬಂದಾಗ ಜನ ಕೂತ ಕ್ಯಾಪ್ಸೂಲನ್ನು ಮೇಲಿನಿಂದ ಎಳೆದುಕೊಂಡು ಹೋಗುವ ಮೋಟರ್ ಅದರಲ್ಲಿದೆ, ಎಸ್ಕೇಪ್ ಟವರ್ ಅಂತ. ಆಡುವ ಎಷ್ಟೋ ಜನ ಅದರ ಕಡೆ ತಿರುಗಿಯೂ ನೋಡುವುದಿಲ್ಲ. ರಾಕೆಟ್ ಸಿಡಿದರೆ ರಿವರ್ಟ್ ಒತ್ತಿ ಉಡಾವಣೆಗೆ ಮುಂಚಿನ ಸ್ಥಿತಿಗೆ ಮರಳುತ್ತಾರೆ, ಮತ್ತೆ ಉಡಾಯಿಸುತ್ತಾರೆ. ಮುಗೀತು. ಆದರೆ ಹಾರ್ಡ್ ಮೋಡ್‌ನಲ್ಲಿ ಆ ಆಟ ನಡೆಯುವುದಿಲ್ಲ. ರಿವರ್ಟ್ ಇಲ್ಲ, ನಡುವೆ ಆಟ ಉಳಿಸಿಟ್ಟುಕೊಳ್ಳುವ ಕ್ವಿಕ್‌ಸೇವ್ ಇಲ್ಲ, ಸತ್ತವರು ವಾಪಸ್ ಬರುವುದಿಲ್ಲ. ಆಗ ಕ್ಯಾಪ್ಸೂಲನ್ನು ರಾಕೆಟ್ಟಿನಿಂದ ಕಿತ್ತು ದೂರ ಒಯ್ಯೋದು ಹೇಗೆ ಅಂತ ಯೋಚಿಸಲೇಬೇಕು.

ರಜೆಗೆ ಅಕ್ಕನ ಮಗ ತುಮಕೂರಿಗೆ ಬಂದಿದ್ದ. ಬಿಸಿಲಿಗೆ ಹೊರಗೆ ಕಾಲಿಡೋ ಹಾಗಿರಲಿಲ್ಲ. ಇಬ್ಬರೂ ಕೂತು ಇದನ್ನೇ ಪರೀಕ್ಷೆ ಮಾಡಿದೆವು. ರಾಕೆಟ್ ಒಂದೇ: ನಡುವೆ ಲಿಕ್ವಿಡ್ ಎಂಜಿನ್, ಅಕ್ಕಪಕ್ಕ ಎರಡು ಸಾಲಿಡ್ ಬೂಸ್ಟರ್. ತುದಿಯಲ್ಲಿ ಒಮ್ಮೆ ಒಬ್ಬರು ಕೂರುವ ಮಾರ್ಕ್ 1 ಕ್ಯಾಪ್ಸೂಲ್, ಇನ್ನೊಮ್ಮೆ ಮೂವರು ಕೂರುವ ಮಾರ್ಕ್ 1-3. ಎರಡು ಕಡೆ ಅಬಾರ್ಟ್ ಮಾಡಿ, ಅಂದರೆ ಹಾರಾಟ ಕೈಬಿಟ್ಟು ಕ್ಯಾಪ್ಸೂಲನ್ನು ಬಿಡಿಸಿ, ನೋಡಿದೆವು. ಒಂದು, ಲಾಂಚ್‌ಪ್ಯಾಡ್ ಮೇಲೆ ನಿಂತಿರುವಾಗ. ಇನ್ನೊಂದು, ಬೂಸ್ಟರ್ ಉರಿಯುತ್ತಾ ದಟ್ಟ ಗಾಳಿಯಲ್ಲಿ ಏರುತ್ತಿರುವಾಗ.

ಮೊದಲು ಏನೂ ಹಾಕದೆ, ಬರೀ ಡಿಕಪ್ಲರ್ (ಎರಡು ಭಾಗಗಳನ್ನು ಬೇರ್ಪಡಿಸುವ ಬಿಡಿಭಾಗ) ನಂಬಿಕೊಂಡು ನೋಡಿದೆವು. ಲಿಕ್ವಿಡ್ ಎಂಜಿನ್ ಮಾತ್ರ ಇದ್ದರೆ ಪರವಾಗಿಲ್ಲ, ಆಫ್ ಮಾಡಿ ಕ್ಯಾಪ್ಸೂಲ್ ಬಿಡಿಸಿಕೊಳ್ಳಬಹುದು. ಸಾಲಿಡ್ ಬೂಸ್ಟರ್ ಹೊತ್ತಿದ ಮೇಲೆ ಆರಿಸೋಕೆ ಆಗಲ್ಲ, ತೊಂದರೆ ಅಲ್ಲೇ. ಕ್ಯಾಪ್ಸೂಲ್ ಬಿಟ್ಟ ಕ್ಷಣವೇ ಗಾಳಿ ಅದನ್ನು ತಡೆಯುತ್ತದೆ, ವೇಗ ಇಳಿಯುತ್ತದೆ. ರಾಕೆಟ್ ಮಾತ್ರ ಇನ್ನೂ ನೂಕುತ್ತಲೇ ಇರುತ್ತದೆ. "ಮಾಮ, ಹಿಂದಿನಿಂದ ಬಂದು ಹಾಯ್ತು ನೋಡು!" ಅಂದ ಹುಡುಗ. ಹಾಯೋದು ಅನ್ನೋದೇ ಸರಿ, ಹೋರಿ ಹಾದ ಹಾಗೇ ಇತ್ತು. ಒಳಗಿದ್ದ ಆಟದ ಗಗನಯಾತ್ರಿ ಜೆಬೆಡಯಾ ಉಳಿಯಲಿಲ್ಲ.

ಈಗ ಟವರ್. ಆಟದಲ್ಲಿ ಇದರ ಬಲ 750 ಕಿಲೋನ್ಯೂಟನ್. ಪ್ಯಾಡ್ ಮೇಲೆ ಅಬಾರ್ಟ್ ಕೀಲಿಯಾದ ಬ್ಯಾಕ್‌ಸ್ಪೇಸ್ ಒತ್ತಿದರೆ ಸಾಕು, ಕಣ್ಣು ಮಿಟುಕಿಸುವಷ್ಟರಲ್ಲಿ ಮಾರ್ಕ್ 1 ತೆರೆಯ ಮೇಲ್ಗಡೆಗೆ ಹೋಗಿಬಿಟ್ಟಿರುತ್ತದೆ. ಇನ್ನೊಂದು ಜಾಣತನ ಇದೆ. ಅದು ನೆಟ್ಟಗೆ ಮೇಲಕ್ಕೆ ಹೋಗುವುದಿಲ್ಲ, ಸ್ವಲ್ಪ ಓರೆಯಾಗಿ ಎಳೆಯುತ್ತದೆ. ಹಾಗಾಗಿ ಕ್ಯಾಪ್ಸೂಲ್ ಉರಿಯುವ ರಾಕೆಟ್ ಮೇಲೇ ವಾಪಸ್ ಬೀಳುವುದಿಲ್ಲ. ಏರುವಾಗಲೂ ಅಷ್ಟೇ, ಬೂಸ್ಟರ್‌ಗಳಿಗೆ ಅದನ್ನು ಹಿಡಿಯೋಕೆ ಆಗಲೇ ಇಲ್ಲ. ಮೂರು ಸೀಟಿನ ಭಾರದ ಕ್ಯಾಪ್ಸೂಲ್ ಇಟ್ಟಾಗಲೂ ಧಾರಾಳವಾಗಿ ಸಾಕಾಯಿತು.

ಇಷ್ಟು ಬಲ ಯಾಕೆ ಬೇಕು ಅನ್ನೋದಕ್ಕೆ 1983ರ ಸೆಪ್ಟೆಂಬರ್ 26 ನೋಡಬೇಕು. ಬೈಕನೂರಿನಲ್ಲಿ ಸೋವಿಯತ್ ಒಕ್ಕೂಟದ ಸೋಯೂಜ್ ರಾಕೆಟ್ ಪ್ಯಾಡ್ ಮೇಲೆಯೇ ಹೊತ್ತಿಕೊಂಡಿತು. ಒಳಗೆ ಗಗನಯಾತ್ರಿಗಳಾದ ಟಿಟೊವ್ ಮತ್ತು ಸ್ಟ್ರೆಕಾಲೊವ್ ಇದ್ದರು. ಟವರ್ ಎಳೆದುಕೊಂಡು ಹೋದ ಕೆಲವೇ ಸೆಕೆಂಡಿನಲ್ಲಿ ರಾಕೆಟ್ ಸಿಡಿಯಿತು. ಇಬ್ಬರೂ ಸುಮಾರು 4 ಕಿಲೋಮೀಟರ್ ದೂರದಲ್ಲಿ ಬದುಕಿ ಇಳಿದರು. ನಮ್ಮ ಗಗನಯಾನದ್ದೂ ಇದೇ ಜಾತಿ, ಮೇಲಿನಿಂದ ಎಳೆಯುವ ಟವರ್. 2018ರ ಜುಲೈ 5ರಂದು ಶ್ರೀಹರಿಕೋಟದಲ್ಲಿ ಪ್ಯಾಡ್ ಅಬಾರ್ಟ್ ಪರೀಕ್ಷೆ ನಡೆಯಿತು. ಏಳು ಸಾಲಿಡ್ ಮೋಟರ್‌ಗಳು ಕ್ಯಾಪ್ಸೂಲನ್ನು ಸುಮಾರು 2.7 ಕಿಲೋಮೀಟರ್ ಎತ್ತರಕ್ಕೆ ಒಯ್ದವು. ಇಡೀ ಪರೀಕ್ಷೆ 259 ಸೆಕೆಂಡಿನಲ್ಲಿ ಮುಗಿಯಿತು. 2023ರ ಅಕ್ಟೋಬರ್ 21ರಂದು ಹಾರುತ್ತಿರುವ ರಾಕೆಟ್ಟಿನಿಂದಲೂ ಬಿಡಿಸಿ ತೋರಿಸಿದರು. ಊರಿನ ಹಳೇ ಎಚ್‌ಎಂಟಿ ವಾಚ್ ಫ್ಯಾಕ್ಟರಿ ಜಾಗ ಇಸ್ರೋಗೆ ಹೋದಮೇಲೆ ನಮ್ಮ ಮನೆಯಲ್ಲಿ ಇಂಥ ಮಾತು ಸ್ವಲ್ಪ ಜಾಸ್ತಿ, ಅದು ಬೇರೆ ವಿಷಯ.

ಟವರ್‌ನ ತಾಪತ್ರಯವೂ ಇದೆ. ತೂಕ ಒಂದು ಟನ್ನಿಗಿಂತ ಜಾಸ್ತಿ. ಮಾರ್ಕ್ 1 ಕ್ಯಾಪ್ಸೂಲಿಗಿಂತ ಅದರ ತಲೆಯ ಮೇಲಿನ ಟವರೇ ಭಾರ! ಮೇಲಿನ ಜಾಗವನ್ನೂ ಅದೇ ಹಿಡಿದುಕೊಳ್ಳುವುದರಿಂದ ಪ್ಯಾರಾಚೂಟನ್ನು ಪಕ್ಕಕ್ಕೆ ಅಂಟಿಸಬೇಕು. ಜೊತೆಗೆ ಟವರ್ ಕಳಚೋಕೆ ಅಂತ ಇನ್ನೊಂದು ಡಿಕಪ್ಲರ್. ಆ ಡಿಕಪ್ಲರನ್ನು ಮಾತ್ರ ಅಬಾರ್ಟ್ ಗುಂಪಿಗೆ (ಬ್ಯಾಕ್‌ಸ್ಪೇಸ್ ಒತ್ತಿದಾಗ ಒಟ್ಟಿಗೆ ನಡೆಯುವ ಕೆಲಸಗಳಿಗೆ) ಸೇರಿಸಬೇಡಿ. ಸೇರಿಸಿದರೆ ಟವರ್ ಒಂದೇ ಹಾರಿಹೋಗುತ್ತದೆ, ಕ್ಯಾಪ್ಸೂಲ್ ಇದ್ದಲ್ಲೇ ಕೂತಿರುತ್ತದೆ. ಇದು ತಮಾಷೆಯಲ್ಲ, 1960ರ ನವೆಂಬರ್ 21ರಂದು ನಾಸಾದ ಮರ್ಕ್ಯುರಿ-ರೆಡ್‌ಸ್ಟೋನ್ 1ಕ್ಕೆ ನಿಜವಾಗಿಯೂ ಹೀಗಾಯಿತು. ರಾಕೆಟ್ ಕೆಲವೇ ಇಂಚು ಎದ್ದು ಪ್ಯಾಡ್ ಮೇಲೆ ವಾಪಸ್ ಕೂತಿತು, ಟವರ್ ತನ್ನ ಪಾಡಿಗೆ ತಾನು ಹೊರಟಿತು. ಪುಣ್ಯಕ್ಕೆ ಒಳಗೆ ಯಾರೂ ಇರಲಿಲ್ಲ.

ಸೆಪ್ರಟ್ರಾನ್ ಬಡವರ ಟವರ್. ಬೂಸ್ಟರ್ ಪಕ್ಕಕ್ಕೆ ತಳ್ಳೋಕೆ ಇರುವ ಚಿಕ್ಕ ಸಾಲಿಡ್ ಮೋಟರ್, ಒಂದರ ಬಲ 18 ಕಿಲೋನ್ಯೂಟನ್. ಮಾರ್ಕ್ 1 ಸುತ್ತ ನಾಲ್ಕು ಅಂಟಿಸಿದೆವು. ಬೆಂಕಿ ಕ್ಯಾಪ್ಸೂಲಿಗೆ ತಾಗದಂತೆ ಒಂದಿಷ್ಟು ಹೊರಕ್ಕೆ ಓರೆ ಮಾಡಿದೆವು. ಪ್ಯಾಡ್ ಮೇಲಿನ ಪರೀಕ್ಷೆಯಲ್ಲಿ ಸಲೀಸಾಗಿ ಪಾಸ್. ಟವರ್ ಥರ ಒಂದೇ ಏಟಿಗೆ ಎಗರುವುದಿಲ್ಲ, ಸುಮಾರು ಐದು ಸೆಕೆಂಡ್ ಉರಿದು ನಿಧಾನಕ್ಕೆ ಎತ್ತುತ್ತದೆ. ನೋಡೋಕೂ ಚೆನ್ನಾಗಿರುತ್ತದೆ. ಆದರೆ ಬೂಸ್ಟರ್ ಉರಿಯುತ್ತಿರುವಾಗ ಈ ನಿಧಾನವೇ ಮುಳುವು. ಒಮ್ಮೊಮ್ಮೆ ಕೂದಲೆಳೆಯಲ್ಲಿ ಪಾರಾಯಿತು, ಒಮ್ಮೊಮ್ಮೆ ಇಲ್ಲ. ಮೂರು ಸೀಟಿನದಕ್ಕೆ ನಾಲ್ಕು ಹಾಕಿದರೆ ಸುಮ್ನೆ ಹೊಗೆ, ಅಷ್ಟೆ. ಎಂಟಾದರೂ ಬೇಕು. ಅಷ್ಟು ಅಂಟಿಸುವ ಹೊತ್ತಿಗೆ ಟವರೇ ವಾಸಿ ಅನ್ನಿಸುತ್ತದೆ.

ಮೂರನೆಯದು ಹುಡುಗನ ಹಟ. ಸ್ಪೇಸ್‌ಎಕ್ಸ್‌ನ ಕ್ರೂ ಡ್ರ್ಯಾಗನ್ ಥರ ಪಕ್ಕದ ಎಂಜಿನ್ನಿನಿಂದ ನೂಕಬೇಕಂತೆ. ಅದರಲ್ಲಿ ಎಂಟು ಸೂಪರ್‌ಡ್ರೇಕೊ ಎಂಜಿನ್ ಗೋಡೆಯಲ್ಲೇ ಕೂತಿರುತ್ತವೆ. 2020ರ ಜನವರಿ 19ರಂದು ಹಾರಾಟದ ನಡುವೆ ಕ್ಯಾಪ್ಸೂಲ್ ಕಿತ್ತುಕೊಂಡು ಹೋಗಿದ್ದೂ ಅವೇ. ಬಳಸದಿದ್ದರೆ ಬಿಸಾಡಬೇಕಿಲ್ಲ ಅನ್ನೋದು ಅವನ ವಾದ. ಕೇಳೋಕೆ ಸರಿಯೇ.

ಅವನು ಮೂರು ಸೀಟಿನ ಕ್ಯಾಪ್ಸೂಲಿಗೆ ಹಾಕಿದ್ದು ಪಫ್ ಅನ್ನೋ ಚಿಕ್ಕ ಎಂಜಿನ್, ನಾಲ್ಕು. ಅದರ ಇಂಧನ, ಮಾನೊಪ್ರೊಪೆಲೆಂಟ್, ಕ್ಯಾಪ್ಸೂಲಿನಲ್ಲೇ ಇರುತ್ತದೆ, ಬೇರೆ ಟ್ಯಾಂಕ್ ಬೇಡ. ಬ್ಯಾಕ್‌ಸ್ಪೇಸ್ ಒತ್ತಿದ. ಡಿಕಪ್ಲರ್ ಟಪ್ ಅಂದಿತು, ನಾಲ್ಕೂ ಎಂಜಿನ್ ಹೊತ್ತಿದವು, ಕ್ಯಾಪ್ಸೂಲ್ ಒಂಚೂರು ಜಿಗಿದು ವಾಪಸ್ ರಾಕೆಟ್ ತಲೆ ಮೇಲೇ ಕೂತಿತು. "ಮಾಮ, ಬಗ್ ಇರಬೇಕು." ಬಗ್ ಏನಲ್ಲ. ಪಫ್ ಬಲ ನಿರ್ವಾತದಲ್ಲಿ 20 ಕಿಲೋನ್ಯೂಟನ್. ನೆಲಮಟ್ಟದಲ್ಲಿ ಗಾಳಿಯ ಒತ್ತಡಕ್ಕೆ ಅದರ ಅರ್ಧವೂ ಸಿಗುವುದಿಲ್ಲ. ನಾಲ್ಕೂ ಸೇರಿದರೂ ಕ್ಯಾಪ್ಸೂಲ್, ಹೀಟ್ ಶೀಲ್ಡ್, ಪ್ಯಾರಾಚೂಟ್ ಇಷ್ಟರ ಭಾರ ಎತ್ತೋಕೆ ಆಗುವುದಿಲ್ಲ. ಥಡ್ ಅನ್ನೋ ದೊಡ್ಡ ಲಿಕ್ವಿಡ್ ಎಂಜಿನ್ ಎರಡು ಹಾಕಿದಾಗ ಚೆನ್ನಾಗಿಯೇ ಎದ್ದಿತು. ಆದರೆ ಒಂದೊಂದೂ 0.9 ಟನ್. ಇಂಧನಕ್ಕೆ ಕೆಳಗೊಂದು ಟ್ಯಾಂಕ್ ಬೇಕು, ಇಳಿಯುವ ಮುಂಚೆ ಆ ಟ್ಯಾಂಕನ್ನೂ ಬಿಡಿಸಿಕೊಳ್ಳಬೇಕು. ಟವರ್ ಭಾರ ಅಂತ ಬೈದವರು ಅದರ ದುಪ್ಪಟ್ಟು ಹೊತ್ತ ಹಾಗಾಯಿತು, ಅಲ್ವಾ?

ಹಾಗಂತ ಪಫ್ ದಂಡ ಅಲ್ಲ. ಕಕ್ಷೆಯಲ್ಲಿ ದಿಕ್ಕು ಬದಲಿಸೋಕೆ, ವಾಪಸ್ ಇಳಿಯೋಕೆ ಅದು ಒಳ್ಳೆಯದೇ. ಅಬಾರ್ಟ್ ಕೆಲಸಕ್ಕೆ ಮಾತ್ರ ಅದನ್ನು ಕರೆಯಬೇಡಿ.

ನನ್ನ ಆಯ್ಕೆ ಹೀಗೆ. ಸಾಲಿಡ್ ಬೂಸ್ಟರ್ ಇರುವ ಯಾವ ರಾಕೆಟ್ಟಿಗಾದರೂ ಟವರ್, ಭಾರವಾದರೂ ಸರಿ. ಬರೀ ಲಿಕ್ವಿಡ್ ಎಂಜಿನ್ನಿನ ಸಣ್ಣ ರಾಕೆಟ್ಟಿನಲ್ಲಿ ಮಾರ್ಕ್ 1 ಕಳಿಸುವುದಾದರೆ ನಾಲ್ಕು ಸೆಪ್ರಟ್ರಾನ್ ಸಾಕು, ಟವರ್ ಭಾರ ಹೊರಿಸೋದು ದಂಡ. ಯಾವುದೇ ಹಾಕಿ, ಅಬಾರ್ಟ್ ಗುಂಪಿನಲ್ಲಿ ಮೂರು ಕೆಲಸ ಇರಲೇಬೇಕು: ಲಿಕ್ವಿಡ್ ಎಂಜಿನ್ ಆಫ್, ಕ್ಯಾಪ್ಸೂಲ್ ಕೆಳಗಿನ ಡಿಕಪ್ಲರ್, ಎಸ್ಕೇಪ್ ಮೋಟರ್ ಆನ್. ಪ್ಯಾರಾಚೂಟನ್ನು ಅದೇ ಗುಂಪಿಗೆ ಸೇರಿಸಬೇಡಿ. ಅಷ್ಟು ವೇಗದಲ್ಲಿ ಬಿಚ್ಚಿದರೆ ಚಿಂದಿಯಾಗುತ್ತದೆ. ಅದರ ಐಕಾನ್ ಕೆಂಪಗಿರುವಷ್ಟು ಹೊತ್ತು ಸುಮ್ಮನಿರಿ.

ಒಂದು ಜಗಳ ಮಾತ್ರ ಇನ್ನೂ ಬಗೆಹರಿದಿಲ್ಲ. ಟವರ್ ಯಾವಾಗ ಕಳಚಬೇಕು? ಆಟದಲ್ಲಿ ವಾತಾವರಣ ಮುಗಿಯೋದು 70 ಕಿಲೋಮೀಟರ್‌ನಲ್ಲಿ, ಅಲ್ಲಿವರೆಗೂ ಇರಲಿ ಅನ್ನುತ್ತಾನೆ ಹುಡುಗ. ಬೂಸ್ಟರ್ ಬಿದ್ದು ಎರಡನೇ ಹಂತ ಸರಿಯಾಗಿ ಹೊತ್ತಿದ ಕೂಡಲೇ ನಾನು ಕಳಚುತ್ತೇನೆ. ಅಷ್ಟೆತ್ತರದಲ್ಲಿ ಗಾಳಿ ತೆಳು, ಲಿಕ್ವಿಡ್ ಎಂಜಿನ್ ಆರಿಸಬಹುದು, ಡಿಕಪ್ಲರ್ ತಳ್ಳಿದಷ್ಟೇ ಸಾಕಾಗುತ್ತದೆ. ಅವನು 2018ರ ಅಕ್ಟೋಬರ್ 11ರ ಸೋಯೂಜ್ ಎಂಎಸ್-10 ಕಥೆ ತೆಗೆಯುತ್ತಾನೆ. ಅಲ್ಲಿ ಟವರ್ ಹೋದ ಮೇಲೇ ಬೂಸ್ಟರ್ ಕೈಕೊಟ್ಟಿತ್ತು. ನಿಜ, ಆದರೆ ಒಳಗಿದ್ದ ಒವ್ಚಿನಿನ್ ಮತ್ತು ಹೇಗ್‌ರನ್ನು ಉಳಿಸಿದ್ದು ಮೂತಿಯ ಕವಚದಲ್ಲಿದ್ದ ಬೇರೆ ಮೋಟರ್‌ಗಳು. ಹಾಗಾದರೆ ಟವರ್ ಕಳಚಿದ ಮೇಲೂ ಎರಡು ಸೆಪ್ರಟ್ರಾನ್ ಇರಲಿ ಅಂದ. ಅದಕ್ಕೆ ನಾನು ಒಪ್ಪಿದ್ದೇನೆ.